ಮಗುವಿಗೆ ಜಗಳ ಕಾಣುತ್ತದೆ, ರಾಜಿ ಕಾಣುವುದಿಲ್ಲ

“ಮಾಣಿಗೆ ಹೊಡೆಯೋದು ಯಾರು ಕಲಿಸಿದ್ರೋ ಗೊತ್ತಿಲ್ಲೆ ಡಾಕ್ಟ್ರೇ.” ಶಿರಸಿಯ ನನ್ನ ಕ್ಲಿನಿಕ್ಕಿನಲ್ಲಿ ಜ್ವರ, ಕೆಮ್ಮು ಬಿಟ್ಟರೆ ಹೆಚ್ಚು ಕೇಳಿಬರುವ ದೂರು ಇದೇ. ಮೂರು ವರ್ಷದ ಹುಡುಗ ಅಂಗನವಾಡಿಯಲ್ಲಿ ಪಕ್ಕದವಳ ಜುಟ್ಟು ಎಳೆಯುತ್ತಾನೆ, ತಂಗಿಯನ್ನು ದೂಡುತ್ತಾನೆ, ಬೇಡ ಅಂದರೆ ತಟ್ಟೆ ಎಸೆಯುತ್ತಾನೆ. ಒಂದೂವರೆಯಿಂದ ಮೂರು ವರ್ಷದೊಳಗೆ ಒಮ್ಮೆಯೂ ಹೊಡೆಯದ, ಕಚ್ಚದ ಮಕ್ಕಳು ಅಪರೂಪ. ಮಾತು ಸಾಲದಾಗ ಕೈ ಮುಂದಾಗುತ್ತದೆ. ಹಾಗಾಗಿ ಮೊದಲು ಮಗುವಿನ ಕಿವಿ, ಮಾತು, ನಿದ್ದೆ ವಿಚಾರಿಸುತ್ತೇನೆ. ಆಮೇಲೆ ಕೇಳುವುದು: “ಮನೆಯಲ್ಲಿ ದೊಡ್ಡವರಿಗೆ ಸಿಟ್ಟು ಬಂದರೆ ಏನು ಮಾಡ್ತಾರೆ?”

ಗಂಡ ಹೆಂಡತಿಯ ಮುಖ ನೋಡುತ್ತಾನೆ, ಹೆಂಡತಿ ಫ್ಯಾನು ನೋಡುತ್ತಾಳೆ. ಮಗುವಿಗೆ ಒಂದೇಟೂ ಹಾಕಿದವರಲ್ಲ, ನಿಜ. ಆದರೆ ಬಾಗಿಲು ದಢಾರನೆ ಬಿದ್ದಿರುತ್ತದೆ, ಚೊಂಬು ಕುಕ್ಕಿದ್ದಾಗಿರುತ್ತದೆ, ಎರಡು ದಿನ ಮಾತು ಬಿಟ್ಟದ್ದೂ ಇರುತ್ತದೆ. 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 72 ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಯನ್ನು ಸುತ್ತಿಗೆಯಲ್ಲಿ ಬಡಿದು ಬಯ್ಯುವುದನ್ನು ಕೆಲವು ಮಕ್ಕಳು ಸುಮ್ಮನೆ ಕೂತು ನೋಡಿದರು. ಆಮೇಲೆ ಅದೇ ಗೊಂಬೆ ಕೈಗೆ ಸಿಕ್ಕಾಗ ಅವರಲ್ಲಿ ಅನೇಕರು ಅದೇ ಏಟು ಹಾಕಿದರು, ಅದೇ ಬೈಗುಳ ಆಡಿದರು. ‘ಹೀಗೆ ಮಾಡು’ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಮಗು ಮಲಗಿದೆ, ಅದಕ್ಕೆಂತ ಗೊತ್ತಾಗ್ತದೆ ಎನ್ನುವವರೂ ಇದ್ದಾರೆ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು ಆರು ತಿಂಗಳಿಂದ ಒಂದು ವರ್ಷದೊಳಗಿನ ಕೂಸುಗಳು ನಿದ್ದೆಯಲ್ಲಿದ್ದಾಗ ಸಿಟ್ಟಿನ ದನಿ ಕೇಳಿಸಿ ಮಿದುಳಿನ ಸ್ಕ್ಯಾನ್ ಮಾಡಿದ್ದರು. ಅಪ್ಪ ಅಮ್ಮನ ಜಗಳ ಹೆಚ್ಚಿದ್ದ ಮನೆಯ ಕೂಸುಗಳಲ್ಲಿ, ಒತ್ತಡಕ್ಕೆ ಸಂಬಂಧಪಟ್ಟ ಭಾಗಗಳು ಆ ದನಿಗೆ ಹೆಚ್ಚು ಸ್ಪಂದಿಸಿದವು. 2013ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಇದ್ದದ್ದು 20 ಕೂಸುಗಳು. ದೊಡ್ಡ ತೀರ್ಮಾನಕ್ಕೆ ಸಾಲದು. ಆದರೂ ತೊಟ್ಟಿಲ ಪಕ್ಕ ನಿಂತು ಕೂಗಾಡುವ ಧೈರ್ಯವನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಬಹುದು.

ಹಾಗಾದರೆ ಜಗಳವೇ ಆಡಬಾರದೇ? ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಕೈಕೊಟ್ಟು, ಮೋಡ ಕವಿದು, ಅಂಗಳದಲ್ಲಿ ಅಡಿಕೆ ಹರಡಿದ್ದಾಗ ಒಬ್ಬರ ಮೇಲೊಬ್ಬರು ರೇಗದ ಮನೆ ನಮ್ಮ ಕಡೆ ಇದೆಯೇ? ನನಗೆ ತೊಂದರೆ ಅನ್ನಿಸುವುದು ಜಗಳದ ನಂತರದ್ದು. ಜಗಳ ಆಗುವುದು ಜಗುಲಿಯಲ್ಲಿ, ಅಡುಗೆಮನೆಯಲ್ಲಿ, ಮಗುವಿನ ಕಣ್ಣೆದುರು. ರಾಜಿ ಆಗುವುದು ರಾತ್ರಿ, ಮಗು ಮಲಗಿದ ಮೇಲೆ. ಬೆಳಿಗ್ಗೆ ಇಬ್ಬರೂ ಏನೂ ಆಗಿಲ್ಲವೆಂಬಂತೆ ದೋಸೆ ತಿನ್ನುತ್ತಿರುತ್ತಾರೆ. ಸಿಟ್ಟು ಹೇಗೆ ಇಳಿಯಿತು, ಯಾರು ಮೊದಲು ಮಾತಾಡಿದರು, ಏನೆಂದರು ಎಂಬುದೊಂದೂ ಮಗುವಿಗೆ ಸಿಗುವುದಿಲ್ಲ. ಐದು ವರ್ಷದೊಳಗಿನ ಮಕ್ಕಳು ಇಂಥ ಬಿಟ್ಟ ಸ್ಥಳವನ್ನು ಎಷ್ಟೋ ಸಲ ತಮ್ಮಿಂದಲೇ ತುಂಬಿಕೊಳ್ಳುತ್ತವೆ: ನಾನು ಹಾಲು ಚೆಲ್ಲಿದ್ದಕ್ಕೇ ಅಪ್ಪ ಕೂಗಿದ್ದು.

1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞರು ಕೂಸನ್ನು ಆಡಿಸುತ್ತಿದ್ದ ತಾಯಂದಿರಿಗೆ ಒಂದೆರಡು ನಿಮಿಷ ಮುಖ ಕಲ್ಲಿನಂತೆ ಇಟ್ಟುಕೊಳ್ಳಲು ಹೇಳಿದರು. ಕೂಸು ನಕ್ಕಿತು, ಕೈಚಾಚಿತು, ದನಿ ಮಾಡಿತು. ಯಾವುದಕ್ಕೂ ಉತ್ತರ ಬಾರದಾಗ ಮುಖ ತಿರುಗಿಸಿತು. (ಮೊಬೈಲಿನಲ್ಲಿ ಮುಳುಗಿದ ಮುಖವೂ ಕೂಸಿಗೆ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತಿರಬೇಕು.) ಈ ಭಾಗ ಹಲವರಿಗೆ ಗೊತ್ತು. ನನಗೆ ಮುಖ್ಯ ಅನ್ನಿಸುವುದು ಅವರು ಕಂಡ ಇನ್ನೊಂದು ಸಂಗತಿ. ಚೆನ್ನಾಗಿ ಹೊಂದಿಕೊಂಡ ತಾಯಿ-ಕೂಸು ಕೂಡ ಆಟದ ಹೆಚ್ಚಿನ ಹೊತ್ತು ತಾಳ ತಪ್ಪಿಯೇ ಇರುತ್ತಾರೆ, ಮತ್ತೆ ಮತ್ತೆ ಕೂಡಿಕೊಳ್ಳುತ್ತಾರೆ. ತನ್ನ ಸಿಟ್ಟನ್ನೂ ಅಳುವನ್ನೂ ತಾನೇ ಸಂಭಾಳಿಸುವುದಕ್ಕೆ ಕೂಸಿಗೆ ದಾರಿಯಾಗುವುದು ಈ ಕೂಡಿಕೊಳ್ಳುವಿಕೆಯೇ.

ಆದ್ದರಿಂದ ರಾಜಿಯ ಒಂದು ತುಣುಕಾದರೂ ಮಗುವಿನ ಎದುರು ನಡೆಯಲಿ ಎನ್ನುತ್ತೇನೆ. ಭಾಷಣ ಬೇಡ. “ಅಪ್ಪಂಗೆ ಸಿಟ್ಟು ಬಂದಿತ್ತು. ನಿನ್ನ ಮೇಲಲ್ಲ. ಈಗ ನಾವಿಬ್ಬರೂ ಮಾತಾಡಿಕೊಂಡ್ವಿ.” ಇಷ್ಟು ಸಾಕು. ಗಂಡಸರಿಗೆ ಇದು ಕಷ್ಟ. ಮಗುವಿನೆದುರು, ಅದರಲ್ಲೂ ತನ್ನ ತಾಯಿ ಅಲ್ಲೇ ಕೂತಿರುವಾಗ ಹೆಂಡತಿಗೆ ‘ಜೋರು ಮಾಡಿದ್ದು ತಪ್ಪಾಯ್ತು’ ಎನ್ನಲು ಗಂಟಲು ಕಟ್ಟುತ್ತದೆ. ಅದಕ್ಕಿಂತ ಕೆಟ್ಟದ್ದು ಮಗುವನ್ನು ಅಂಚೆಯವನನ್ನಾಗಿ ಮಾಡುವುದು: “ಊಟಕ್ಕೆ ಬರಬೇಕಂತೆ ಅಂತ ಅಪ್ಪಂಗೆ ಹೇಳು.” ಕೆಲವು ಮನೆಗಳಲ್ಲಿ ನ್ಯಾಯಾಧೀಶನನ್ನಾಗಿಯೂ ಮಾಡುತ್ತಾರೆ. “ಯಾರದ್ದು ಸರಿ, ನೀನೇ ಹೇಳು” ಎಂದಾಗ ನಾಲ್ಕು ವರ್ಷದ ಮಗು ಇಬ್ಬರನ್ನೂ ನೋಡಿ ಹೊಟ್ಟೆನೋವು ಅನ್ನುತ್ತದೆ. ಅದು ಸುಳ್ಳಲ್ಲ, ನಿಜಕ್ಕೂ ನೋಯುತ್ತದೆ.

ಕರಾವಳಿಯ ಮಾತು ಸ್ವಲ್ಪ ಬೇರೆ. ಕಾರವಾರ, ಅಂಕೋಲಾ ಕಡೆ ಟ್ರಾಲ್ ಬೋಟಿಗೆ ಹೋಗುವ ಅಪ್ಪಂದಿರಿಗೆ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಮಗುವಿನ ಜೊತೆ ಇರಲು ಪುರಸೊತ್ತು. ಮಗು ಅಮ್ಮನ ಹಿಂದೆ ಅಡಗುತ್ತದೆ, ಅಪ್ಪನಿಗೆ ಅವಮಾನ, ಸಲುಗೆ ಹೆಚ್ಚಾಯ್ತೆಂದು ಶಿಸ್ತು ಶುರು. ಅದರ ಬದಲು ನಾಲ್ಕು ದಿನ ನೆಲದ ಮೇಲೆ ಪಕ್ಕದಲ್ಲಿ ಕೂತು ಬಲೆ ಹೆಣೆದುಕೊಂಡಿದ್ದರೆ ಮಗು ತಾನಾಗಿ ಬರುತ್ತದೆ.

ಹೊಡೆತ, ಕುಡಿತ ಇರುವ ಮನೆಗೆ ಮೇಲಿನ ಯಾವ ಮಾತೂ ಅನ್ವಯಿಸದು. ಪ್ರತಿ ಸಲ ಹೊಡೆದು ಪ್ರತಿ ಸಲ ಕ್ಷಮೆ ಕೇಳುವುದಕ್ಕೆ ರಾಜಿ ಎನ್ನುವುದಿಲ್ಲ. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098 ಇರುವುದೇ ಅದಕ್ಕಾಗಿ. ಮಾತಾಡುತ್ತಿದ್ದ ಮಗು ಮಾತು ನಿಲ್ಲಿಸಿದರೆ ಕಾಯಬೇಡಿ, ಕೂಡಲೇ ತೋರಿಸಿ. ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ನಿದ್ದೆಯಲ್ಲಿ ಬೆಚ್ಚುವುದು ವಾರಗಟ್ಟಲೆ ನಡೆದರೆ ಮಕ್ಕಳ ವೈದ್ಯರಲ್ಲಿಗೆ ಬನ್ನಿ, ಇಲ್ಲವೇ ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಹೇಳಿ. ಬರುವಾಗ ಸಾಧ್ಯವಾದರೆ ಇಬ್ಬರೂ ಬನ್ನಿ.