ಶ್ರೀಲಂಕಾ ಪ್ರವಾಸ: ಮೊದಲು ತಿಂಗಳು, ಆಮೇಲೆ ಕರಾವಳಿ

ಬೆಂಗಳೂರಿನಲ್ಲಿ ವಿದೇಶ ಪ್ರವಾಸಗಳನ್ನು ಏರ್ಪಡಿಸುವ ನಮ್ಮಂಥವರ ಕಚೇರಿಗೆ ಶ್ರೀಲಂಕಾ ವಿಚಾರಿಸಿಕೊಂಡು ಬರುವವರು ಸಾಮಾನ್ಯವಾಗಿ ರಜೆಯ ದಿನಾಂಕವನ್ನೂ ಕಡಲತೀರದ ಒಂದು ಚಿತ್ರವನ್ನೂ ಜೊತೆಗೇ ತಂದಿರುತ್ತಾರೆ. ದಿನಾಂಕವನ್ನು ಮಕ್ಕಳ ಶಾಲೆ ಗೊತ್ತುಮಾಡಿರುತ್ತದೆ, ಚಿತ್ರ ಮೊಬೈಲಿನಲ್ಲಿ ಸಿಕ್ಕಿರುತ್ತದೆ. ಆ ದಿನಾಂಕದಲ್ಲಿ ಆ ತೀರ ಹಾಗೆಯೇ ಇರುತ್ತದೆಯೇ ಎಂಬುದನ್ನು ಮಾತ್ರ ಯಾರೂ ನೋಡಿರುವುದಿಲ್ಲ. ಜುಲೈನಲ್ಲಿ ನೈಋತ್ಯ ತೀರದ ಹಿಕ್ಕಡುವ ಬೇಕು, ಡಿಸೆಂಬರಿನಲ್ಲಿ ಪೂರ್ವ ತೀರದ ಟ್ರಿಂಕೋಮಲಿ ಬೇಕು ಎನ್ನುವವರಿಗೆ ನಾನು ಟಿಕೆಟ್ ತೆಗೆಸುವ ಮೊದಲು ನಕ್ಷೆ ಬಿಡಿಸಿ ತೋರಿಸುತ್ತೇನೆ.

ಕರ್ನಾಟಕದ ಮೂರನೆಯ ಒಂದು ಭಾಗದಷ್ಟು, ಅಂದರೆ ಸುಮಾರು 65,600 ಚದರ ಕಿಲೋಮೀಟರಿನ ಈ ದ್ವೀಪಕ್ಕೆ ಎರಡು ಮಳೆಗಾಲಗಳಿವೆ. ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತಗಳು ಪಶ್ಚಿಮ ಮತ್ತು ದಕ್ಷಿಣದ ತೀರಗಳನ್ನೂ ನಡುವಣ ಗುಡ್ಡಗಳ ಪಶ್ಚಿಮದ ಇಳಿಜಾರನ್ನೂ ತೋಯಿಸುತ್ತವೆ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಈಶಾನ್ಯ ಮಾರುತಗಳು ಉತ್ತರಕ್ಕೂ ಪೂರ್ವಕ್ಕೂ ಮಳೆ ತರುತ್ತವೆ. ಮಂಗಳೂರಿನಲ್ಲಿ ಧಾರಾಕಾರವಾಗಿ ಸುರಿಯುವ ಮಳೆ ಘಟ್ಟ ದಾಟಿ ನಮ್ಮಲ್ಲಿಗೆ ಬರುವಷ್ಟರಲ್ಲಿ ತುಂತುರಾಗುವುದಕ್ಕೆ ಯಾವುದು ಕಾರಣವೋ ಅಲ್ಲಿಯೂ ಅದೇ ಕಾರಣ: 2,524 ಮೀಟರ್ ಎತ್ತರದ ಪಿದುರುತಲಾಗಲ ಶಿಖರವಿರುವ ಗುಡ್ಡಸಾಲು ಮೋಡಗಳನ್ನು ತಡೆದು ನಿಲ್ಲಿಸುತ್ತದೆ. ಹೀಗಾಗಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಹೋಗುವವರು ಬೆಂಟೋಟ, ಗಾಲೆ, ಮಿರಿಸ್ಸಗಳನ್ನೂ, ಮೇ ಕೊನೆಯಿಂದ ಸೆಪ್ಟೆಂಬರಿನವರೆಗೆ ಹೋಗುವವರು ಟ್ರಿಂಕೋಮಲಿ, ಪಾಸಿಕುಡ, ಅರುಗಂ ಕೊಲ್ಲಿಗಳನ್ನೂ ಆರಿಸಿಕೊಳ್ಳುವುದು ಒಳ್ಳೆಯದು. ಮಳೆಗಾಲದ ತೀರದಲ್ಲಿ ಇಡೀ ದಿನ ಮಳೆ ಬರುವುದಿಲ್ಲ ಎಂಬ ಸಮಾಧಾನವನ್ನು ಹೋಟೆಲಿನವರು ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಮಳೆ ನಿಂತರೂ ಕಡಲು ಶಾಂತವಾಗುವುದಿಲ್ಲ. ಮೇಲ್ನೋಟಕ್ಕೆ ಸಾಧಾರಣವಾಗಿ ಕಾಣುವ ಅಲೆಗಳ ನಡುವೆ ನೀರು ತೀರದಿಂದ ಹೊರಕ್ಕೆ ರಭಸವಾಗಿ ಹರಿಯುತ್ತಿರುತ್ತದೆ, ಕೆಂಪು ಬಾವುಟ ನೆಟ್ಟಿರುವುದು ಅದಕ್ಕೆ. ಈಜು ಬರುವವರನ್ನೂ ಆ ಸೆಳೆತ ಬಿಡುವುದಿಲ್ಲ.

ನಮ್ಮ ರಜೆಗಳ ವಿಷಯದಲ್ಲಿ ತೊಡಕಿರುವುದು ದಸರೆಗೆ. ಅಕ್ಟೋಬರ್ ಮತ್ತು ನವೆಂಬರ್ ಎರಡು ಮಾರುತಗಳ ನಡುವಿನ ಕಾಲವಾದ್ದರಿಂದ ದ್ವೀಪದ ಯಾವ ಭಾಗದಲ್ಲಾದರೂ ಮಧ್ಯಾಹ್ನದ ನಂತರ ಗುಡುಗು ಮಳೆ ಬರಬಹುದು, ಬಂಗಾಳ ಕೊಲ್ಲಿಯ ಚಂಡಮಾರುತಗಳೂ ಇದೇ ಹೊತ್ತಿನವು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಅಪ್ಪಳಿಸಿದಾಗ ಗುಡ್ಡಗಾಡಿನಲ್ಲಿ ಭೂಕುಸಿತಗಳಾಗಿ ನೂರಾರು ಜನ ಸತ್ತರು, ರಸ್ತೆಗಳಿಗೂ ರೈಲು ಹಳಿಗಳಿಗೂ ಭಾರಿ ಹಾನಿಯಾಯಿತು. ದಸರಾ ರಜೆಯಲ್ಲೇ ಹೋಗಬೇಕೆಂದಿದ್ದರೆ ರದ್ದು ಮಾಡಿದರೆ ಹಣ ಮರಳುವ ಕೊಠಡಿಗಳನ್ನೇ ಕಾದಿರಿಸಿ, ಗುಡ್ಡದ ಊರುಗಳಿಗಿಂತ ಸೀಗಿರಿಯ, ಪೊಲೊನ್ನರುವ ಮೊದಲಾದ ಬಯಲಿನ ತಾಣಗಳಿಗೆ ಹೆಚ್ಚು ದಿನ ಕೊಡಿ. ಏಪ್ರಿಲ್ ರಜೆಯವರಿಗೆ ಬೇರೆಯೇ ಲೆಕ್ಕ: 13 ಮತ್ತು 14ರ ಸುಮಾರಿಗೆ ಸಿಂಹಳ ಮತ್ತು ತಮಿಳು ಹೊಸ ವರ್ಷ ಬರುವುದರಿಂದ ಅಂಗಡಿ, ಊಟದ ಮನೆಗಳು ಮುಚ್ಚಿರುತ್ತವೆ, ಬಸ್ಸು ರೈಲುಗಳು ಊರಿಗೆ ಹೊರಟವರಿಂದ ತುಂಬಿರುತ್ತವೆ.

ನಕ್ಷೆಯಲ್ಲಿ ದ್ವೀಪ ಚಿಕ್ಕದಾಗಿ ಕಾಣುವುದರಿಂದ ಐದು ದಿನದಲ್ಲಿ ಇಡೀ ದೇಶ ಸುತ್ತಿ ಬರುವ ಆಸೆ ಹುಟ್ಟುತ್ತದೆ. ಕೊಲಂಬೊದಿಂದ ಕ್ಯಾಂಡಿಗೆ ಸುಮಾರು 115 ಕಿಲೋಮೀಟರ್ ಇದ್ದರೂ ದಾರಿಯುದ್ದಕ್ಕೂ ಪೇಟೆಗಳೇ ಸಿಗುವುದರಿಂದ ಮೂರು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಅಲ್ಲಿಂದ ನುವಾರ ಎಲಿಯಕ್ಕೆ ತಿರುವುಗಳ ದಾರಿ ಬೇರೆ. ಕೊಲಂಬೊದಿಂದ ಗಾಲೆ, ಮಾತರ ಕಡೆಗೆ ಹೋಗುವ ದಕ್ಷಿಣದ ಎಕ್ಸ್‌ಪ್ರೆಸ್‌ವೇಯಂತಹ ಕೆಲವನ್ನು ಬಿಟ್ಟರೆ ಎಲ್ಲಿಯೂ ಕಿಲೋಮೀಟರ್ ಲೆಕ್ಕ ಹಾಕಬೇಡಿ, ಗಂಟೆಗಳ ಲೆಕ್ಕ ಹಾಕಿ. ಆರು ರಾತ್ರಿಗೆ ಮೂರು ಊರು ಸಾಕು ಎಂಬುದು ನನ್ನ ಅಭಿಪ್ರಾಯ. ಆರನೆಯ ಊರನ್ನು ಸೇರಿಸಿಕೊಡುವ ಪ್ಯಾಕೇಜು ನಿಮಗೆ ಮಾರುತ್ತಿರುವುದು ವ್ಯಾನಿನ ಸೀಟನ್ನು. ಕ್ಯಾಂಡಿಯಿಂದ ‘ಎಲ್ಲ’ ಎಂಬ ಗುಡ್ಡದ ಊರಿಗೆ ಚಹಾ ತೋಟಗಳ ನಡುವೆ ಸಾಗುವ ರೈಲಿನಲ್ಲಿ ಕಾದಿರಿಸಬಹುದಾದ ಸೀಟುಗಳು ಬಿಡುಗಡೆಯಾದ ಕೂಡಲೇ ಮುಗಿದುಹೋಗುತ್ತವೆ. ಚಂಡಮಾರುತದ ನಂತರ ಆ ಮಾರ್ಗ ನಿಮ್ಮ ತಾರೀಖಿಗೆ ಎಲ್ಲಿಂದ ಎಲ್ಲಿಯವರೆಗೆ ಓಡುತ್ತಿದೆ ಎಂಬುದನ್ನು ವಿಚಾರಿಸಿಯೇ ಉಳಿದ ಯೋಜನೆ ಮಾಡಿ.

ಸಸ್ಯಾಹಾರಿಗಳಿಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅನ್ನ, ಬೇಳೆ, ತೆಂಗಿನಹಾಲಿನಲ್ಲಿ ಬೇಯಿಸಿದ ಬೀಟ್‌ರೂಟ್, ಹಲಸಿನಕಾಯಿ ಎಂದೆಲ್ಲ ತಟ್ಟೆಯಲ್ಲಿ ನೋಡಿದಾಗ ನಮ್ಮ ಮನೆಯದೇ ಊಟದಂತೆ ಕಾಣುತ್ತದೆ. ಆದರೆ ತೆಂಗಿನತುರಿ, ಒಣಮೆಣಸಿನಕಾಯಿ, ಈರುಳ್ಳಿ ಕುಟ್ಟಿ ನಿಂಬೆ ಹಿಂಡಿದ ಪೋಲ್ ಸಂಬೋಲ್ ಎಂಬ ಕೆಂಪು ಚಟ್ನಿಗೆ ಉಂಬಲಕಡ, ಅಂದರೆ ಒಣಗಿಸಿದ ಟ್ಯೂನಾ ಮೀನಿನ ಚೂರು ಬೆರೆಸುವುದು ವಾಡಿಕೆ. ಈರುಳ್ಳಿ ಮೆಣಸಿನ ಲುಣುಮಿರಿಸ್‌ಗೂ, ಎಷ್ಟೋ ಕಡೆ ತರಕಾರಿ ಪಲ್ಯಕ್ಕೂ ಅದು ಬೀಳುತ್ತದೆ. ಬಡಿಸುವವರು ಮೋಸ ಮಾಡುತ್ತಿಲ್ಲ, ಅವರಿಗೆ ಅದು ಒಗ್ಗರಣೆಯ ಸಾಮಾನು. ಆದ್ದರಿಂದ ಸಸ್ಯಾಹಾರ ಎಂದು ಹೇಳಿ ಸುಮ್ಮನಾಗದೆ ‘ಮಸ್ ಎಪಾ, ಮಾಳು ಎಪಾ, ಉಂಬಲಕಡ ಎಪಾ’, ಅಂದರೆ ಮಾಂಸ, ಮೀನು, ಒಣಮೀನು ಬೇಡ ಎಂದು ಒಂದೊಂದನ್ನೂ ಬಿಡಿಸಿ ಹೇಳಿ. ಕೊಲಂಬೊದ ವೆಳ್ಳವತ್ತೆ, ಟ್ರಿಂಕೋಮಲಿ, ಜಾಫ್ನಾಗಳಲ್ಲಿ ತಮಿಳರ ಸೈವ, ಅಂದರೆ ಸಸ್ಯಾಹಾರಿ ಹೋಟೆಲುಗಳಿದ್ದು, ಅಲ್ಲಿ ಈ ಚಿಂತೆಯಿಲ್ಲ. ಬೆಳಿಗ್ಗೆಗೆ ಅಕ್ಕಿಹಿಟ್ಟು ತೆಂಗಿನಹಾಲಿನ ಆಪ್ಪ ತಿನ್ನಿ: ಸಣ್ಣ ಬಾಣಲೆಯಲ್ಲಿ ಹಿಟ್ಟು ಸುರಿದು ಕೈಯಲ್ಲೇ ಸುತ್ತ ತಿರುಗಿಸಿದಾಗ ಅಂಚು ಗರಿಗರಿಯಾಗಿ, ನಡುವೆ ಮೆತ್ತಗೆ ಉಳಿಯುತ್ತದೆ. ಮೊಟ್ಟೆ ಹಾಕದಿರಲು ಮೊದಲೇ ಹೇಳಬೇಕು.

ಹುಣ್ಣಿಮೆಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಪ್ರತಿ ಹುಣ್ಣಿಮೆಯೂ ಪೋಯ ಎಂಬ ಸಾರ್ವಜನಿಕ ರಜೆ, ಅಂದು ಮದ್ಯ ಮಾರುವಂತಿಲ್ಲ. ಮೇ ತಿಂಗಳ ವೆಸಾಕ್ ಪೋಯಕ್ಕೆ ಅಲ್ಲಿದ್ದರೆ ಮಾತ್ರ ಅದೃಷ್ಟ. ಬೀದಿಬೀದಿಗಳಲ್ಲಿ ಕಾಗದದ ದೀಪಗೂಡುಗಳು, ರಾಮನವಮಿಗೆ ನಮ್ಮ ಬಡಾವಣೆಗಳಲ್ಲಿ ಪಾನಕ ಕೋಸಂಬರಿ ಹಂಚುವಂತೆ ದಾರಿಹೋಕರನ್ನೆಲ್ಲ ಕರೆದು ಊಟ ಹಾಕುವ ದನ್ಸಲ್ ಚಪ್ಪರಗಳು. ಬೌದ್ಧ ದೇಗುಲಗಳಿಗೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ತೊಟ್ಟು, ಚಪ್ಪಲಿ, ಟೋಪಿ ತೆಗೆದು ಹೋಗಬೇಕು ಎಂಬುದು ನಮ್ಮವರಿಗೆ ಕಷ್ಟವಲ್ಲ. ಮರೆಯುವುದು ಸೆಲ್ಫಿ ತೆಗೆಯುವಾಗ: ಬುದ್ಧನ ವಿಗ್ರಹಕ್ಕೆ ಬೆನ್ನು ತೋರಿಸಿ ನಿಲ್ಲುವುದನ್ನು ಅಲ್ಲಿ ಅಪಚಾರವೆಂದೇ ಭಾವಿಸುತ್ತಾರೆ. ಜಾಫ್ನಾದ ನಲ್ಲೂರು ಕಂದಸ್ವಾಮಿ ದೇವಸ್ಥಾನದೊಳಗೆ ಗಂಡಸರು ಅಂಗಿ ಕಳಚಬೇಕು.

ಸೀಗಿರಿಯ ಬಂಡೆಯ ಸುಮಾರು 1,200 ಮೆಟ್ಟಿಲುಗಳನ್ನು ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹತ್ತಲು ಆರಂಭಿಸಿ. ಬಿಸಿಲೇರಿದ ಮೇಲೆ ಮಂಡಿನೋವಿನ ಹಿರಿಯರನ್ನು ಕರೆದೊಯ್ಯುವುದು ಬೇಡ. ಇಂತಹ ತಾಣಗಳ ಟಿಕೆಟ್ಟಿನಲ್ಲಿ ಭಾರತವೂ ಸೇರಿದ ಸಾರ್ಕ್ ದೇಶಗಳವರಿಗೆ ರಿಯಾಯಿತಿ ಇರುವುದುಂಟು, ಅದಕ್ಕೆ ಪಾಸ್‌ಪೋರ್ಟ್ ತೋರಿಸಬೇಕಾಗುವುದರಿಂದ ಅದನ್ನು ಹೋಟೆಲಿನಲ್ಲಿ ಬಿಟ್ಟು ಹೋಗಬೇಡಿ.

ಕಾಗದಪತ್ರಗಳು ಸುಲಭ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಪ್ರವೇಶದ ಆನ್‌ಲೈನ್ ಅನುಮತಿಯ ನಿಯಮ, ಶುಲ್ಕಗಳು ಕಳೆದ ಕೆಲವು ವರ್ಷಗಳಲ್ಲಿ ಪದೇಪದೇ ಬದಲಾಗಿರುವುದರಿಂದ ಅಲ್ಲಿನ ಸರ್ಕಾರದ ಅಧಿಕೃತ ಜಾಲತಾಣವನ್ನೇ ನೋಡಿ. ಅದೇ ಬಗೆಯ ಹೆಸರಿಟ್ಟುಕೊಂಡು ಹೆಚ್ಚು ಹಣ ಕೀಳುವ ತಾಣಗಳಿವೆ. ಪ್ಯಾಕೇಜಿನ ಬಿಲ್ಲಿನಲ್ಲಿ ಟಿಸಿಎಸ್ (ಮೂಲದಲ್ಲೇ ವಸೂಲು ಮಾಡುವ ತೆರಿಗೆ) ಎಂದು ಸೇರಿಸುವ ಮೊತ್ತವನ್ನು ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಆ ರಸೀದಿಯನ್ನು ಜೋಪಾನವಾಗಿಡಿ.

ವಿಮೆಯನ್ನು ಮಾತ್ರ ಉಳಿತಾಯದ ಬಾಬತ್ತು ಮಾಡಿಕೊಳ್ಳಬೇಡಿ. ಅಲ್ಲಿ ಡೆಂಗಿ ಇದೆ, ಹಗಲು ಹೊತ್ತಿನಲ್ಲೂ ಸೊಳ್ಳೆ ಮುಲಾಮು ಹಚ್ಚಿಕೊಳ್ಳಬೇಕು. ಜ್ವರ ಬಂದರೆ ರಕ್ತಪರೀಕ್ಷೆ ಆಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬೇಡಿ. ಭಾರತದ ನೆರವಿನಿಂದ 2016ರಲ್ಲಿ ಶುರುವಾದ ಸುವ ಸೆರಿಯ ಎಂಬ ಉಚಿತ ಆಂಬುಲೆನ್ಸ್ ಸೇವೆಯ ಸಂಖ್ಯೆ 1990, ಪೊಲೀಸರದು 119. ಜೊತೆಗೆ ಬರುವ ಹಿರಿಯರ ಮೊಬೈಲಿನಲ್ಲೂ ಇವನ್ನು ಉಳಿಸಿಕೊಟ್ಟು, ಅವರ ಮಾತ್ರೆಗಳನ್ನು ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲೇ ಇರಿಸಿ.