ಬೆಳೆ, ಬೆಳೆಗಾರ, ಬೆಳವಣಿಗೆ: ಇಂಗ್ಲಿಷ್ ಪದಗಳ ಬಾಲ ನೋಡುವುದು ಹೇಗೆ

ಚಿಕ್ಕಮಗಳೂರು ಕಡೆಯ ತೋಟದ ಮಾತಿನಲ್ಲೇ ಅರ್ಧ ಪಾಠ ಸಿಗುತ್ತದೆ. ಪ್ಲಾಂಟ್ ಅಂದರೆ ನೆಡು, ಪ್ಲಾಂಟರ್ ಅಂದರೆ ತೋಟದ ಬೆಳೆಗಾರ, ಪ್ಲಾಂಟೇಶನ್ ಅಂದರೆ ತೋಟ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಪಲ್ಪರ್. ಅಂದರೆ ‘ಅರ್’ ಬಾಲ ಮನುಷ್ಯನಿಗೂ ಹತ್ತುತ್ತದೆ, ಯಂತ್ರಕ್ಕೂ ಹತ್ತುತ್ತದೆ. ನಮ್ಮ ಬೆಳೆ, ಬೆಳೆಗಾರ, ಬೆಳವಣಿಗೆಯ ಹಾಗೆಯೇ ಗ್ರೋ, ಗ್ರೋವರ್, ಗ್ರೋತ್. ನಾವು ‘ಬೆಳೆತನ’ ಅನ್ನುವುದಿಲ್ಲ, ಅವರು ‘ಗ್ರೋಮೆಂಟ್’ ಅನ್ನುವುದಿಲ್ಲ. ಯಾವ ಪದಕ್ಕೆ ಯಾವ ಪ್ರತ್ಯಯ ಎಂದು ಸೂತ್ರ ಹುಡುಕುತ್ತಾ ಕೂರುವುದಕ್ಕಿಂತ ಇಡೀ ಕುಟುಂಬವನ್ನು ಒಂದೇ ಸಾಲಿನಲ್ಲಿ ಬರೆದು ಕಲಿಯುವುದು ಲೇಸು.

ನಂಬಬಹುದಾದ ಸೂತ್ರ ಒಂದಿದೆ: ಪದದ ಜಾತಿ ತೀರ್ಮಾನಿಸುವುದು ಕೊನೆಯ ಪ್ರತ್ಯಯ. ಕೇರ್‌ಲೆಸ್ ಗುಣವಾಚಕ; ಅದಕ್ಕೆ ‘ನೆಸ್’ ಸೇರಿದರೆ ನಾಮಪದ, ‘ಲಿ’ ಸೇರಿದರೆ ಕ್ರಿಯಾವಿಶೇಷಣ.

ಬಿಟ್ಟ ಸ್ಥಳ ತುಂಬುವಾಗ ಮೊದಲು ಅಕ್ಕಪಕ್ಕ ನೋಡಿ. ಪ್ರೊಡ್ಯೂಸ್ ಕೊಟ್ಟು ‘ದಿ ___ ಆಫ್ ಕಾಫಿ’ ಎಂದು ಕೇಳಿದ್ದಾರೆ ಅನ್ನಿ. ಹಿಂದೆ ‘ದಿ’, ಮುಂದೆ ‘ಆಫ್’, ನಾಮಪದವೇ ಬೇಕು. ‘ಎ ___ ಎಸ್ಟೇಟ್’ ಎಂದಿದ್ದರೆ ಗುಣವಾಚಕ, ಪ್ರೊಡಕ್ಟಿವ್. ಆದರೆ ನಾಮಪದ ಎಂದು ಗೊತ್ತಾದ ಮೇಲೂ ಹಲವರು ಎಡವುತ್ತಾರೆ, ಏಕೆಂದರೆ ಈ ಮನೆಯಲ್ಲಿ ನಾಮಪದಗಳೇ ಒಂದಕ್ಕಿಂತ ಹೆಚ್ಚಿವೆ. ಪ್ರಾಡಕ್ಟ್ ಎಂದರೆ ತಯಾರಾದ ವಸ್ತು. ಪ್ರೊಡಕ್ಷನ್ ಎಂದರೆ ಉತ್ಪಾದನೆ. ಪ್ರೊಡಕ್ಟಿವಿಟಿ ಎಂದರೆ ಎಕರೆಗೆ ಎಷ್ಟು ಬಂತು ಎಂಬ ಲೆಕ್ಕ. ಇನ್ನೆರಡು ಎಕರೆ ಸೇರಿಸಿದರೆ ಪ್ರೊಡಕ್ಷನ್ ಏರೀತು, ಪ್ರೊಡಕ್ಟಿವಿಟಿ ಇದ್ದಲ್ಲೇ ಇರಬಹುದು.

ಕೆಲವು ಬಾಲಗಳಿಗೆ ಎರಡು ಮುಖ. ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಶುರುವಾದ ಸೆಂಟ್ರಲ್ ಕಾಫಿ ರಿಸರ್ಚ್ ಇನ್‌ಸ್ಟಿಟ್ಯೂಟ್‌ನ ಹೆಸರನ್ನೇ ನೋಡಿ: ಸೆಂಟರ್ ನಾಮಪದ, ‘ಅಲ್’ ಸೇರಿ ಗುಣವಾಚಕವಾಯಿತು. ಅರೈವ್ ಕ್ರಿಯಾಪದ, ಅದೇ ‘ಅಲ್’ ಸೇರಿದರೆ ಅರೈವಲ್ ಎಂಬ ನಾಮಪದ. ರಿಸರ್ಚ್‌ಗೋ ಬಾಲದ ಹಂಗೇ ಇಲ್ಲ, ನಾಮಪದವೂ ಹೌದು, ಕ್ರಿಯಾಪದವೂ ಹೌದು. ‘ಲಿ’ ಕೂಡ ಹಾಗೆಯೇ: ಫ್ರೆಂಡ್, ಕಾಸ್ಟ್ ಎಂಬ ನಾಮಪದಗಳಿಗೆ ಹತ್ತಿದಾಗ ಫ್ರೆಂಡ್ಲಿ, ಕಾಸ್ಟ್ಲಿ ಎಂಬ ಗುಣವಾಚಕಗಳೇ ಹುಟ್ಟುತ್ತವೆ. ‘ಹಿ ವರ್ಕ್ಸ್ ಹಾರ್ಡ್ಲಿ’ ಎಂದು ಬರೆಯುವುದಂತೂ ಬೇಡ. ಹಾರ್ಡ್ಲಿ ಅಂದರೆ ‘ಇಲ್ಲವೆನ್ನುವಷ್ಟು ಕಡಿಮೆ’. ಕಷ್ಟಪಟ್ಟು ದುಡಿಯುವವನಿಗೆ ಬರಿಯ ಹಾರ್ಡ್ ಸಾಕು.

ಕಾಗುಣಿತದಲ್ಲಿ ಅಂಕ ಕಳೆಯುವ ಪದ ಪ್ರೊನನ್ಸಿಯೇಶನ್. ಪ್ರೊನೌನ್ಸ್‌ನಲ್ಲಿ ‘ಯು’ಗೆ ಮುಂಚೆ ಇದ್ದ ‘ಓ’ ಇಲ್ಲಿ ಬಿದ್ದುಹೋಗುತ್ತದೆ, ಉಚ್ಚಾರದಲ್ಲೂ ‘ನೌನ್’ ಹೋಗಿ ‘ನನ್’ ಆಗುತ್ತದೆ.