ರಾಗಿ ಹೊಲದಲ್ಲಿ ದಿನಗಳ ಲೆಕ್ಕ

ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಪಾವಗಡದ ಕಡೆ ಬಿತ್ತನೆ ಬೀಜ ಕೊಳ್ಳಲು ಬರುವ ರೈತರು ಮೊದಲು ಕೇಳುವುದು ಇಳುವರಿಯನ್ನಲ್ಲ. ‘ಇದು ಎಷ್ಟು ದಿನದ್ದು?’ ಅಂತ ಕೇಳುತ್ತಾರೆ. ಜೂನ್ ಕೊನೆಗೆ ಹದ ಮಳೆ ಬಿದ್ದಿದ್ದರೆ ಅವರಿಗೆ ಬೇಕಾದ ರಾಗಿ ಒಂದು. ಆಗಸ್ಟ್ ನಡುವಿನವರೆಗೂ ಕಾಯಿಸಿ ಬಿದ್ದರೆ ಬೇಕಾದದ್ದೇ ಬೇರೆ. ಕೋಲಾರ, ಚಿಕ್ಕಬಳ್ಳಾಪುರದಲ್ಲೂ ಇದೇ ಮಾತು. ಇಲ್ಲಿನ ಬಹುಪಾಲು ಹೊಲಗಳಿಗೆ ಮಳೆಯೇ ಗತಿ. ವರ್ಷಕ್ಕೆ 600ರಿಂದ 750 ಮಿಲಿಮೀಟರ್ ಬಂದರೆ ಬಂತು. ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ.

ತಳಿ ಅಭಿವೃದ್ಧಿ ಅಂದ ತಕ್ಷಣ ನಮಗೆ ಕ್ವಿಂಟಾಲ್ ನೆನಪಾಗುತ್ತದೆ. ಆದರೆ ಈ ಮೂರು ಜಿಲ್ಲೆಗಳ ಮಟ್ಟಿಗೆ ಅದು ಮುಖ್ಯವಾಗಿ ದಿನಗಳ ಲೆಕ್ಕ. ನೂರು ವರ್ಷದ ಕೆಲಸವನ್ನು ಹಾಗೆ ನೋಡಿದರೆ ಯಾವ ಬೆಳೆ ಮುಂದೆ ಹೋಯಿತು, ಯಾವುದು ಹಿಂದೆ ಉಳಿಯಿತು ಅನ್ನುವುದು ತಿಳಿಯುತ್ತದೆ.

ಕೆಲಸ ಶುರುವಾದದ್ದು ಬೆಂಗಳೂರಿನ ಹೆಬ್ಬಾಳದಲ್ಲಿ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅಲ್ಲಿ ಕೃಷಿ ಪ್ರಯೋಗಕ್ಕೆಂದು 30 ಎಕರೆ ಜಮೀನು ಕೊಟ್ಟರು. 1908ರಲ್ಲಿ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಮುಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನೇ ಕಟ್ಟಿದರು. ಆಗಿನ ದಾರಿ ಸರಳ. ಊರೂರಿನ ರಾಗಿ ತಂದು, ಪಕ್ಕಪಕ್ಕ ಬಿತ್ತಿ, ಚೆನ್ನಾಗಿ ಬಂದ ತೆನೆಗಳನ್ನು ಆರಿಸುವುದು. ಹಾಗೆ ಆರಿಸಿದ ಎಚ್-22 ಅನ್ನುವ ರಾಗಿ 1918ರ ಸುಮಾರಿಗೆ ರೈತರ ಕೈಗೆ ಬಂತು. ಆದರೆ ಆಯ್ಕೆಗೆ ಒಂದು ಮಿತಿ ಇದೆ. ಹೊಲದಲ್ಲಿ ಇಲ್ಲದ ಗುಣವನ್ನು ಆರಿಸೋಕೆ ಆಗುವುದಿಲ್ಲ. ಹೊಸ ಗುಣ ಬೇಕಾದರೆ ಎರಡು ತಳಿ ಸೇರಿಸಬೇಕು.

ರಾಗಿಯಲ್ಲಿ ಅದೇ ಕಷ್ಟ. ಒಂದು ತೆನೆ ಕೈಗೆ ತಗೊಂಡು ಹತ್ತಿರದಿಂದ ನೋಡಿ. ಒಂದೊಂದು ಇಲುಕಿನ, ಅಂದರೆ ತೆನೆಯ ಬೆರಳಿನ, ಮೇಲೂ ಹೂಗಳು ಒತ್ತೊತ್ತಾಗಿ ಕೂತಿರುತ್ತವೆ. ಒಂದೊಂದು ಹೂವೂ ತೀರಾ ಚಿಕ್ಕದು. ಗಂಡು, ಹೆಣ್ಣು ಎರಡೂ ಭಾಗ ಅದರೊಳಗೇ ಇರುತ್ತವೆ. ಹೂ ಬಾಯಿ ತೆರೆಯುವ ಹೊತ್ತಿಗೆ ತನ್ನ ಪರಾಗ ತನಗೇ ತಾಗಿ ಮುಗಿದಿರುತ್ತದೆ. ಬೇರೆ ಗಿಡದ ಪರಾಗ ತಾಗುವುದು ನೂರಕ್ಕೆ ಒಂದರಷ್ಟೂ ಇಲ್ಲ. ಹತ್ತಿಯಲ್ಲಿ ಮಾಡುವ ಹಾಗೆ ಚಿಮುಟದಿಂದ ಕೇಸರ ಕಿತ್ತು ತೆಗೆಯುವುದು ಇಲ್ಲಿ ಬಲು ಕಷ್ಟ. ಅದಕ್ಕೇ ತಳಿ ತಜ್ಞರು ಬೇರೆ ಉಪಾಯ ಮಾಡಿದರು. ಹಸಿರು ಬಣ್ಣದ ಗಿಡದ ತೆನೆಯನ್ನೂ ನೇರಳೆ ಛಾಯೆಯ ಗಿಡದ ತೆನೆಯನ್ನೂ ಹೂ ಬಿಡುವ ಮುಂಚೆಯೇ ಜೋಡಿಸಿ ಕಟ್ಟಿಬಿಡುವುದು. ಹೂವು ಅರಳಿದಾಗ ಒಂದರ ಪರಾಗ ಇನ್ನೊಂದರ ಮೇಲೆ ಅಲ್ಲೊಂದು ಇಲ್ಲೊಂದು ಬೀಳುತ್ತದೆ. ಹಸಿರು ಗಿಡದ ಬೀಜ ಎತ್ತಿ ಮತ್ತೆ ಬಿತ್ತುತ್ತಾರೆ. ಸಾವಿರಾರು ಹಸಿರು ಪೈರುಗಳ ನಡುವೆ ಎಲ್ಲೋ ಒಂದೆರಡು ನೇರಳೆ ಬಣ್ಣದವು ಏಳುತ್ತವೆ. ಅವೇ ನಿಜವಾದ ಮಿಶ್ರತಳಿ. ಅವನ್ನು ಹಿಡಿದು ಆರೇಳು ತಲೆಮಾರು ಬೆಳೆಸಿ, ಸೋಸಿ, ಆಮೇಲೆ ಬೇರೆ ಬೇರೆ ಊರುಗಳಲ್ಲಿ ಪರೀಕ್ಷೆ ಮಾಡಿದರೆ ಒಂದು ತಳಿ. ಸುಮಾರು ಹತ್ತು ವರ್ಷದ ಕೆಲಸ ಅದು.

ಈ ತಾಳ್ಮೆಯ ಕೆಲಸಕ್ಕೆ ಹೆಸರಾದವರು ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಸಿ.ಎಚ್. ಲಕ್ಷ್ಮಣಯ್ಯ. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಅಂತಲೇ ಕರೆದರು. 1950, 60ರ ದಶಕದಲ್ಲಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಅಂತ ಒಂದರ ಹಿಂದೆ ಒಂದು ತಳಿ ಕೊಟ್ಟರು. ಆಮೇಲೆ ಅವರು ಮಾಡಿದ್ದು ನನ್ನ ಪ್ರಕಾರ ಇಡೀ ಕಥೆಯಲ್ಲೇ ದೊಡ್ಡ ಹೆಜ್ಜೆ. ರಾಗಿಯ ತವರು ಪೂರ್ವ ಆಫ್ರಿಕಾ. ಅಲ್ಲಿನ ರಾಗಿಗೆ ದಪ್ಪ ಕಾಂಡ, ತುಂಬು ತೆನೆ, ಜಾಸ್ತಿ ರೋಗ ನಿರೋಧಕ ಶಕ್ತಿ. ನಮ್ಮದು ಬೇಗ ಬರುತ್ತದೆ, ನಮ್ಮ ಮಳೆಗೆ ಹೊಂದಿಕೊಂಡಿದೆ. ಲಕ್ಷ್ಮಣಯ್ಯ ಇವೆರಡನ್ನೂ ಸೇರಿಸಿದರು. ಹಾಗೆ ಹುಟ್ಟಿದ್ದು ಇಂಡಾಫ್ ತಳಿಗಳು, ಇಂಡಿಯಾ, ಆಫ್ರಿಕಾ ಎರಡೂ ಸೇರಿದ ಹೆಸರು. ಇಂಡಾಫ್-5, 7, 8, 9 ಹೀಗೆ ಒಂದೊಂದೂ ಒಂದೊಂದು ಕಾಲಕ್ಕೆ. ತಡವಾದ ಮಳೆಗೆ ಇಂಡಾಫ್-9ರಂಥ ಕಡಿಮೆ ದಿನದ ರಾಗಿ ಸಿಕ್ಕಿತು. ದೇಶವೆಲ್ಲ ಗಿಡ್ಡ ಗೋಧಿ, ಗಿಡ್ಡ ಭತ್ತದ ಮಾತಾಡುತ್ತಿದ್ದ ಕಾಲದಲ್ಲಿ ರಾಗಿಯ ಇಳುವರಿ ಏರಿಸಿದ್ದು ಈ ಕೆಲಸ. ಇದನ್ನು ನಾವು ಇನ್ನೂ ಗಟ್ಟಿಯಾಗಿ ಹೇಳಿಕೊಳ್ಳಬೇಕು.

ಆದರೆ ಇಂಡಾಫ್‌ಗಳಿಗೆ ಬೆಂಕಿ ರೋಗದ ಕಾಟ ತಪ್ಪಲಿಲ್ಲ. ಒಂದು ಶಿಲೀಂಧ್ರದಿಂದ ಬರುವ ರೋಗ ಅದು. ಎಲೆಗೆ ಬಂದರೆ ಹೇಗೋ ಸುಧಾರಿಸಬಹುದು. ತೆನೆಯ ಕೆಳಗೆ ಕುತ್ತಿಗೆಗೆ ಬಂದರೆ ಆ ಜಾಗ ಕಪ್ಪಾಗಿ ಮುರಿಯುತ್ತದೆ, ಮೇಲಿನ ಕಾಳೆಲ್ಲ ಜೊಳ್ಳು. ಮೋಡ, ಜಡಿಮಳೆ, ತಂಪು ಸೇರಿದ ವಾರದಲ್ಲಿ ಇದು ಜೋರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಇಂಡಾಫ್-5, ಇಂಡಾಫ್-9ರ ರಕ್ತಕ್ಕೇ ರೋಗ ತಡೆಯುವ ಇನ್ನೊಂದು ತಳಿಯನ್ನು ಸೇರಿಸಿ 1990ರ ದಶಕದಲ್ಲಿ ಜಿ.ಪಿ.ಯು.-28 ಕೊಟ್ಟಿತು. 110ರಿಂದ 115 ದಿನದ ರಾಗಿ. ಕುತ್ತಿಗೆ ರೋಗ ತಡೆಯುತ್ತದೆ. ಇವತ್ತಿಗೂ ನಮ್ಮ ಹೊಲಗಳಲ್ಲಿ ಇದೇ ಜಾಸ್ತಿ.

ಹಾಗಾದರೆ 120 ದಿನ ದಾಟುವ ಎಂ.ಆರ್.-1, ಎಂ.ಆರ್.-6 ಯಾಕೆ ಉಳಿದುಕೊಂಡವು? ಹುಲ್ಲಿಗಾಗಿ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಮನೆ ಖರ್ಚು ನಡೆಯುವುದು ಹಾಲಿನ ದುಡ್ಡಿನಲ್ಲಿ. ಬೇಸಿಗೆಯಲ್ಲಿ ಹಸುವಿನ ಹೊಟ್ಟೆ ತುಂಬಿಸುವುದು ಹಿತ್ತಲಿನ ರಾಗಿ ಹುಲ್ಲಿನ ಮೆದೆ. ಕಾಳು ಎರಡು ಚೀಲ ಹೆಚ್ಚಾಗಿ ಹುಲ್ಲು ಮೊಣಕಾಲುದ್ದ ಬಂದರೆ ಆ ತಳಿ ಇಲ್ಲಿ ನಿಲ್ಲುವುದಿಲ್ಲ. ಪ್ರಯೋಗದ ತಾಕಿನಲ್ಲಿ ಕಾಳಿನ ತೂಕವೇ ಮುಂದೆ, ಮನೆಯಲ್ಲಿ ಹುಲ್ಲಿನ ತೂಕಕ್ಕೂ ಅಷ್ಟೇ ಬೆಲೆ.

ಬರ ತಡೆಯುವ ಗುಣ ಇನ್ನೂ ಸಿಕ್ಕು. ಅದು ಒಂದು ಜೀನಿನ ಮಾತಲ್ಲ. ಬೇರು ಎಷ್ಟು ಆಳ, ಎಲೆ ಯಾವಾಗ ಸುರುಳಿ ಸುತ್ತುತ್ತದೆ, ಮಳೆ ಬಂದ ಮೇಲೆ ಎಷ್ಟು ಬೇಗ ಚೇತರಿಸುತ್ತದೆ, ಎಲ್ಲ ಸೇರಬೇಕು. ಈ ದಿಕ್ಕಿನಲ್ಲಿ ಬಂದದ್ದು ಎಂ.ಎಲ್.-365. ಬರಕ್ಕೂ ಕುತ್ತಿಗೆ ರೋಗಕ್ಕೂ ತಡೆದುಕೊಳ್ಳುವ ರಾಗಿ. ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿಯಲ್ಲಿ ಹವಾಮಾನ ತಾಳುವ ಬೇಸಾಯದ ಯೋಜನೆಯಡಿ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರ ಇದನ್ನು ರೈತರ ಹೊಲಕ್ಕೆ ತಂದಿತು. 2017ರಲ್ಲಿ ವಿಜ್ಞಾನಿ ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು ರಾಗಿಯ ಜೀನೋಮ್, ಅಂದರೆ ಅದರ ಜೀನುಗಳ ಪೂರ್ತಿ ಬರಹ, ಓದಿ ಪ್ರಕಟಿಸಿದರಲ್ಲ, ಅದಕ್ಕೆ ಆರಿಸಿಕೊಂಡದ್ದೂ ಇದೇ ತಳಿಯನ್ನು.

ಇನ್ನು ರಾಗಿಯ ಜೊತೆಗಾರರ ಮಾತು. ರಾಗಿಯ ನಡುವೆ ಬಿತ್ತುವ ಅಕ್ಕಡಿ ಸಾಲಿನ ಅವರೆ, ತೊಗರಿ ಇಲ್ಲದೆ ನಮ್ಮ ರಾಗಿ ಹೊಲ ಇಲ್ಲ. ನಾಟಿ ಅವರೆ ಜೂನ್‌ನಲ್ಲಿ ಬಿತ್ತಿದರೂ ಆಗಸ್ಟ್‌ನಲ್ಲಿ ಬಿತ್ತಿದರೂ ಹಗಲು ಚಿಕ್ಕದಾಗುವ ತನಕ ಹೂ ಬಿಡುವುದಿಲ್ಲ. ನಮ್ಮ ಕಡೆ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ. ಅಷ್ಟನ್ನೇ ಗಿಡ ಗುರುತು ಹಿಡಿಯುತ್ತದೆ. ರಾಗಿ ಕೊಯ್ದ ಮೇಲೆ, ಇಬ್ಬನಿ ಬೀಳುವ ಹೊತ್ತಿಗೆ ಕಾಯಿ. ಹಾಗಾಗಿ ಅವರೆಕಾಯಿ ಅಂದರೆ ಡಿಸೆಂಬರ್, ಜನವರಿ. ಹೆಬ್ಬಾಳದ ತಜ್ಞರು ಈ ಗಂಟನ್ನು ಬಿಚ್ಚಿದರು. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಹಗಲಿನ ಉದ್ದಕ್ಕೆ ಕಾಯುವುದಿಲ್ಲ. ಗಿಡ್ಡಗೆ ಬೆಳೆದು ಬಿತ್ತಿದ ಒಂದೂವರೆ ತಿಂಗಳಿಗೆ ಹೂ ಬಿಡುತ್ತವೆ. ನೀರಿದ್ದರೆ ವರ್ಷವಿಡೀ ಬೆಳೆಯಬಹುದು. ಹಳ್ಳಿಯ ಸಂತೆಯಲ್ಲಿ ಬೇಸಿಗೆಯಲ್ಲೂ ಅವರೆ ಸಿಗುವುದು ಇವುಗಳಿಂದ.

ಆದರೆ ಚಿಂತಾಮಣಿ, ಶ್ರೀನಿವಾಸಪುರದ ಕಡೆಯವರು ಈ ಕಾಯಿಯನ್ನು ಮೂಸಿ ನೋಡಿ ಪಕ್ಕಕ್ಕಿಡುತ್ತಾರೆ. ಸೊಗಡಿಲ್ಲ ಅಂತ. ನಾಟಿ ಅವರೆಯ ಸಿಪ್ಪೆ ಮೇಲೆ ಕೈಗೆ ಅಂಟುವ ಎಣ್ಣೆಯಂಥ ಪಸೆ ಇರುತ್ತದೆ, ಘಮ ಅದರದ್ದೇ. ಒಳ್ಳೆಯ ಸೊಗಡಿನ ಕಾಯಿಗೆ ಗಿರಾಕಿ ಎರಡು ಕಾಸು ಜಾಸ್ತಿ ಕೊಡುತ್ತಾನೆ. ಅಂದ ಮೇಲೆ ಅದನ್ನೂ ಇಳುವರಿಯಷ್ಟೇ ಗಂಭೀರವಾಗಿ ತಳಿಯ ಗುಣ ಅಂತ ಎಣಿಸಬೇಕು, ಅಲ್ವಾ?

ತೊಗರಿಯಲ್ಲಿ ಬಿ.ಆರ್.ಜಿ.-1, ಬಿ.ಆರ್.ಜಿ.-2ರಂಥವು ಬಂದವು. ಎಂಟು ಹತ್ತು ಸಾಲು ರಾಗಿಗೆ ಎರಡು ಸಾಲು ತೊಗರಿ ಅನ್ನುವ ಶಿಫಾರಸು ನಿಂತಿದೆ.

ಕಡಲೆಕಾಯಿಯದು ಮಾತ್ರ ಬೇರೆ ಕಥೆ. ಪಾವಗಡ, ಶಿರಾದ ಕೆಮ್ಮಣ್ಣಿನಲ್ಲಿ ದಶಕಗಟ್ಟಲೆ ಬೆಳೆದದ್ದು ಟಿ.ಎಂ.ವಿ.-2. ತಮಿಳುನಾಡಿನ ತಿಂಡಿವನಂನಿಂದ 1940ರಲ್ಲಿ ಬಂದ ತಳಿ. ಅದಕ್ಕಿಂತ ಉತ್ತಮವಾದವು ಬಂದಿದ್ದರೂ ರೈತರು ಅದನ್ನೇ ಹಿಡಿದುಕೊಂಡಿದ್ದರು. ಹೊಸತಕ್ಕೆ ಹೆದರಿದರು ಅಂತ ಹೇಳುವುದು ಸುಲಭ. ಲೆಕ್ಕ ಹಾಕಿ ನೋಡಿ. ಎಕರೆಗೆ ರಾಗಿ ಬೀಜ ನಾಲ್ಕೈದು ಕಿಲೋ ಸಾಕು. ಬೆಳೆ ಎಂಟು ಕ್ವಿಂಟಾಲ್ ಬಂದರೆ ಒಂದಕ್ಕೆ ನೂರೈವತ್ತಕ್ಕೂ ಹೆಚ್ಚು. ಒಬ್ಬ ರೈತ ಹೊಸ ತಳಿ ಬೆಳೆದರೆ ಮರುವರ್ಷ ಊರಿಗೇ ಬೀಜ. ಕಡಲೆಕಾಯಿಗೆ ಎಕರೆಗೆ 40, 50 ಕಿಲೋ ಬೀಜ ಬೇಕು. ಬರುವುದು ಒಂದಕ್ಕೆ ಎಂಟೋ ಹತ್ತೋ ಪಟ್ಟು. ಎರಡು ವಾರ ಮಳೆ ಕೈಕೊಟ್ಟರೆ ಅದೂ ಇಲ್ಲ, ಬೀಜಕ್ಕಿಟ್ಟ ಕಾಯಿಯನ್ನೂ ಮಾರಬೇಕಾಗುತ್ತದೆ. ಬೀಜ ಕಂಪನಿಗಳಿಗೆ ಇದರಲ್ಲಿ ಲಾಭವಿಲ್ಲ. ಕದಿರಿ-6ರಂಥ ತಳಿ ಆಂಧ್ರದ ಗಡಿ ದಾಟಿ ಬರೋಕೂ ಇದೇ ಅಡ್ಡಿಯಾಗಿತ್ತು.

ಹೀಗಾಗಿ ಕಡಲೆಕಾಯಿಯಲ್ಲಿ ತಳಿ ಮಾಡುವುದಕ್ಕಿಂತ ಬೀಜ ಹೆಚ್ಚಿಸುವುದೇ ದೊಡ್ಡ ಕೆಲಸ. ತಳಿ ತಜ್ಞರ ಬೀಜ, ಮೂಲ ಬೀಜ, ಪ್ರಮಾಣಿತ ಬೀಜ ಅಂತ ಮೂರು ಹಂತ ದಾಟಬೇಕು. ಒಂದೊಂದು ಹಂತಕ್ಕೂ ಒಂದೊಂದು ಬೆಳೆ, ನಡುವೆ ಬರ ಬಂದರೆ ಮತ್ತೆ ಮೊದಲಿನಿಂದ. ಕೊಳವೆ ಬಾವಿ ಇರುವ ನಾಲ್ಕು ಜನ ರೈತರು ಬೇಸಿಗೆಯಲ್ಲಿ ಹೊಸ ತಳಿಯನ್ನು ಬೀಜಕ್ಕೆಂದೇ ಬೆಳೆದು ಊರಲ್ಲೇ ಹಂಚಿದರೆ ಈ ದಾರಿ ಅರ್ಧ ಆಗುತ್ತದೆ. 2001ರ ತಳಿ ಸಂರಕ್ಷಣಾ ಕಾಯ್ದೆ ರೈತರಿಗೆ ತಮ್ಮ ಬೀಜ ಇಟ್ಟುಕೊಳ್ಳಲು, ಹಂಚಲು, ಬ್ರ್ಯಾಂಡ್ ಹೆಸರಿಲ್ಲದೆ ಮಾರಲು ಹಕ್ಕು ಕೊಟ್ಟಿದೆ. ಮುಂಗಾರಿಗೆ ಮುಂಚೆ, ಜನವರಿಯಲ್ಲೇ ಇದಕ್ಕೆ ನೀರು, ದುಡ್ಡು ಹೊಂದಿಸಿಕೊಡಬೇಕಾದದ್ದು ಇಲಾಖೆ.